ರಸ್ತೆಯ ಸಿಟ್ಟು ಮತ್ತು ಆರು ನಿಮಿಷಗಳ ಲೆಕ್ಕ

ಬೆಂಗಳೂರು–ಮೈಸೂರು ಹೆದ್ದಾರಿಯ ಹೊಸ ರೂಪವನ್ನು 2023ರ ಮಾರ್ಚ್ 12ರಂದು ಪ್ರಧಾನಿಯವರು ಮಂಡ್ಯದಲ್ಲಿ ಉದ್ಘಾಟಿಸಿದಾಗ ಜನತೆಗೆ ದೊರೆತ ಮುಖ್ಯ ಭರವಸೆ ಸಮಯಕ್ಕೆ ಸಂಬಂಧಿಸಿದ್ದು. ಮೂರು ಗಂಟೆಗಳ ಪ್ರಯಾಣ ಸುಮಾರು 75 ನಿಮಿಷಗಳಿಗೆ ಇಳಿಯುತ್ತದೆ ಎಂದು ಹೇಳಲಾಗಿತ್ತು. ಪ್ರಯಾಣ ಚುರುಕಾದದ್ದು ನಿಜ. ಮದ್ದೂರು, ಮಂಡ್ಯ ಪಟ್ಟಣಗಳ ನಡುವೆ ತೆವಳುತ್ತಿದ್ದ ವಾಹನಗಳ ಸಾಲು ಬೈಪಾಸ್‌ಗಳ ಪಾಲಾಯಿತು. ಸಿಟ್ಟಿಗೆ ವಿಳಂಬವೇ ಮೂಲವಾಗಿದ್ದರೆ, ವಿಳಂಬ ಕಡಿಮೆಯಾದಂತೆ ಚಾಲಕರ ಸಿಟ್ಟೂ ತಗ್ಗಬೇಕಿತ್ತು. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಗಳ ನಡುವೆ ವಾಹನ ಓಡಿಸುವ ಯಾರೂ ಹಾಗಾಗಿದೆ ಎಂದು ಹೇಳಲಾರರು. ಹಾರ್ನಿನ ಅಬ್ಬರ, ಕಿಟಕಿ ಇಳಿಸಿ ಬೈಯುವುದು, ಅಡ್ಡಗಟ್ಟಿ ನಿಲ್ಲಿಸುವುದು ಎಲ್ಲವೂ ಮೊದಲಿನಂತೆಯೇ ನಡೆದಿವೆ.

ಹೆದ್ದಾರಿಯ ಮಟ್ಟಿಗೆ ಆಡಳಿತ ಕೈಕಟ್ಟಿ ಕೂರಲಿಲ್ಲ ಎಂಬುದನ್ನು ಒಪ್ಪಬೇಕು. 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಿಂದ ಹೊರಗಿಡಲಾಯಿತು. ವೇಗ ಅಳೆಯುವ ಕ್ಯಾಮೆರಾಗಳು ಬಂದವು. 2024ರಲ್ಲಿ ಅಲ್ಲಿನ ಸಾವುಗಳ ಸಂಖ್ಯೆ ಗಣನೀಯವಾಗಿ ಇಳಿಯಿತು. ಆದರೆ ಎಲ್ಲ ರಸ್ತೆಗಳನ್ನೂ ಹೀಗೆ ವಿಭಾಗಿಸಲು ಸಾಧ್ಯವಿಲ್ಲ. ಮದ್ದೂರಿನಲ್ಲಿ ಹೆದ್ದಾರಿಯಿಂದ ಇಳಿದು ಭಾರತೀನಗರದ ಮೂಲಕ ಮಳವಳ್ಳಿಗೆ ಹೋಗುವ ರಸ್ತೆಯನ್ನೇ ನೋಡಿ. ಕಬ್ಬು ಅರೆಯುವ ಹಂಗಾಮಿನಲ್ಲಿ ಎರಡೆರಡು ಟ್ರೈಲರ್ ಎಳೆಯುವ ಟ್ರ್ಯಾಕ್ಟರ್‌ಗಳು, ಎತ್ತಿನ ಗಾಡಿಗಳು, ಸುಗ್ಗಿಯಲ್ಲಿ ಒಕ್ಕಣೆಗೆಂದು ಟಾರಿನ ಮೇಲೆ ಹರಡಿದ ರಾಗಿ ಮತ್ತು ಹುರುಳಿ, ಕುರಿಮಂದೆ, ಶಾಲಾ ಬಸ್ಸು ಎಲ್ಲವೂ ಅಲ್ಲಿ ಒಂದೇ ಪಥದಲ್ಲಿ ಸಾಗಬೇಕು. ಇವುಗಳ ನಡುವೆ ಹೆದ್ದಾರಿಯಿಂದ ಆಗತಾನೆ ಇಳಿದ ಕಾರೂ ಬಂದು ಸೇರುತ್ತದೆ. ಒಂದು ಗಂಟೆ ಕಾಲ ನೂರರ ವೇಗಕ್ಕೆ ಒಗ್ಗಿದ ಕಣ್ಣಿಗೆ ನಲವತ್ತರ ವೇಗ ನಿಂತಂತೆಯೇ ಕಾಣುತ್ತದೆ. ಚಾಲಕ ಊರ ರಸ್ತೆಗೆ ಬಂದಿದ್ದರೂ ಅವನ ಮನಸ್ಸು ಇನ್ನೂ ಹೆದ್ದಾರಿಯಲ್ಲಿಯೇ ಇರುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಯಾವುದೇ ಸಂಕಟವನ್ನು ಮೊದಲು ಲೆಕ್ಕಕ್ಕೆ ಇಳಿಸುವ ಅಭ್ಯಾಸ. ಕಬ್ಬಿನ ಟ್ರ್ಯಾಕ್ಟರ್‌ನ ಹಿಂದೆ ಒಬ್ಬರ ಕಾರು 2 ಕಿ.ಮೀ. ದೂರ ಸಿಕ್ಕಿಕೊಂಡಿತು ಎಂದಿಟ್ಟುಕೊಳ್ಳೋಣ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಆ ದೂರ ಕ್ರಮಿಸಲು 8 ನಿಮಿಷ ಬೇಕು. ರಸ್ತೆ ಖಾಲಿಯಿದ್ದು 60ರ ವೇಗದಲ್ಲಿ ಹೋಗಿದ್ದರೆ 2 ನಿಮಿಷ ಸಾಕಿತ್ತು. ಒಟ್ಟು ನಷ್ಟ 6 ನಿಮಿಷ. ಈ ಆರು ನಿಮಿಷಗಳನ್ನು ಉಳಿಸಲು ಎದುರಿನ ತಿರುವು ಕಾಣದಿದ್ದರೂ ಬಲಕ್ಕೆ ನುಗ್ಗುವವರನ್ನು ದಿನವೂ ನೋಡುತ್ತೇವೆ. ವೇಗ ಇಮ್ಮಡಿಯಾದರೆ ಬ್ರೇಕ್ ಒತ್ತಿದ ಮೇಲೆ ವಾಹನ ಕ್ರಮಿಸುವ ದೂರ ನಾಲ್ಮಡಿಯಾಗುತ್ತದೆ. ಗಳಿಕೆ ನಿಮಿಷಗಳಲ್ಲಿ, ಪಣಕ್ಕಿಟ್ಟದ್ದು ಪ್ರಾಣ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಶೇ 70ಕ್ಕೂ ಹೆಚ್ಚು ಸಾವುಗಳನ್ನು ಅತಿವೇಗದ ಲೆಕ್ಕದಲ್ಲಿ ಬರೆಯಲಾಗಿದೆ. ಆ ವೇಗದ ಹಿಂದೆ ಎಷ್ಟು ಸಿಟ್ಟಿತ್ತು ಎಂಬುದನ್ನು ದಾಖಲಿಸುವ ಕಾಲಮ್ಮು ಯಾವ ಪೊಲೀಸ್ ವರದಿಯಲ್ಲಿಯೂ ಇಲ್ಲ.

ಇನ್ನೊಂದು ಸಂಗತಿಯನ್ನು ಗಮನಿಸಿ. ಟ್ರ್ಯಾಕ್ಟರ್‌ನ ಹಿಂದೆ ಆರು ನಿಮಿಷ ಕಾಯಲಾರದ ಮನುಷ್ಯನೇ ಮದ್ದೂರಿನಲ್ಲಿ ಬಿಸಿ ವಡೆ ಬರಲಿ ಎಂದು ಅರ್ಧ ಗಂಟೆ ಹಸನ್ಮುಖಿಯಾಗಿ ಕಾಯುತ್ತಾನೆ. ಮಳೆ ಬಂದು ಹತ್ತು ನಿಮಿಷ ತಡವಾದರೆ ಮಳೆಯ ಮೇಲೆ ಹರಿಹಾಯುವುದಿಲ್ಲ. ಆದರೆ ಬೈಕಿನವನೊಬ್ಬ ಮುಂದೆ ನುಸುಳಿ ಎರಡು ಸೆಕೆಂಡು ತಡಮಾಡಿದರೆ ಅವನ ಮೈಯೆಲ್ಲ ಉರಿಯುತ್ತದೆ. ಅಂದಮೇಲೆ ನಾವು ಕಳೆದುಕೊಂಡೆವೆಂದು ಕೊರಗುವುದು ಸಮಯವನ್ನಲ್ಲ, ದರ್ಜೆಯನ್ನು. ಮಳೆ ನಮ್ಮನ್ನು ಅವಮಾನಿಸಲಾರದು; ಇನ್ನೊಬ್ಬ ಮನುಷ್ಯ ಮಾತ್ರ ಅವಮಾನಿಸಬಲ್ಲ.

ಇದು ನನಗೆ ಪುಸ್ತಕದಿಂದ ಹೊಳೆದದ್ದಲ್ಲ. ಸೇವೆಯಲ್ಲಿದ್ದಾಗ ತಾಲ್ಲೂಕು ದಂಡಾಧಿಕಾರಿಯಾಗಿ ಅನೇಕ ಬಾರಿ ಶಾಂತಿಪಾಲನೆಯ ಮುಚ್ಚಳಿಕೆ ಬರೆಸಿಕೊಂಡಿದ್ದೇನೆ. ಆಗ ಅದು ದಂಡ ಪ್ರಕ್ರಿಯಾ ಸಂಹಿತೆಯ 107ನೇ ಕಲಮಾಗಿತ್ತು. 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಮಾಗಿದೆ. ನೀರು, ಬದು, ದಾರಿಯ ವ್ಯಾಜ್ಯಗಳ ನಡುವೆ ವಾಹನಕ್ಕೆ ವಾಹನ ತಾಗಿದ್ದರಿಂದ ಹುಟ್ಟಿ ಎರಡು ಊರುಗಳ ಜಗಳವಾಗಿ ಬೆಳೆದ ಪ್ರಕರಣಗಳೂ ಮುಂದೆ ಬರುತ್ತಿದ್ದವು. ಉಭಯ ಪಕ್ಷಗಳ ಹೇಳಿಕೆಗಳನ್ನು ಕೇಳುವಾಗ ಒಂದು ಅಂಶ ಎದ್ದು ಕಾಣುತ್ತಿತ್ತು. ಇಷ್ಟು ರೂಪಾಯಿ ಹಾನಿಯಾಯಿತು, ಇಷ್ಟು ಹೊತ್ತು ತಡವಾಯಿತು ಎಂದು ಯಾರೂ ಮಾತು ಆರಂಭಿಸುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಮಾತು: ‘ನಮ್ಮನ್ನ ಏನಂದ್ಕೊಂಡವ್ನೆ ಸಾ ಅವ್ನು?’

ಹೀಗೆ ನೊಂದುಕೊಳ್ಳುವುದನ್ನು ಜನರಿಗೆ ಕಲಿಸಿದವರಲ್ಲಿ ಅಧಿಕಾರಶಾಹಿಗೂ ಪಾಲಿದೆ. ಮೂರು ದಶಕ ನಾನು ಸರ್ಕಾರಿ ವಾಹನದಲ್ಲಿ ಓಡಾಡಿದವನು. ಆ ವಾಹನದ ಮುಂದಿನ ಫಲಕ ಕಂಡೊಡನೆ ದಾರಿ ತಾನಾಗಿ ತೆರೆದುಕೊಳ್ಳುತ್ತಿತ್ತು. ದೊಡ್ಡವರ ಕಾರಿನ ಕೆಂಪು ದೀಪ ಬರಿಯ ದೀಪವಾಗಿರಲಿಲ್ಲ. ರಸ್ತೆ ಎಲ್ಲರಿಗೂ ಸಮಾನವಲ್ಲ ಎಂಬ ಪ್ರಕಟಣೆಯಾಗಿತ್ತು. 2017ರ ಮೇ 1ರಿಂದ ಕೆಂಪು ದೀಪ ಹೋಯಿತು. ಆದರೆ ಆ ಪ್ರಕಟಣೆಯನ್ನು ಓದಿ ಬೆಳೆದ ಸಮಾಜದಲ್ಲಿ ಈಗ ಪ್ರತಿಯೊಬ್ಬನೂ ತನ್ನ ತಲೆಯ ಮೇಲೆ ಕಾಣದ ಕೆಂಪು ದೀಪವೊಂದನ್ನು ಹೊತ್ತು ಸಾಗುತ್ತಿದ್ದಾನೆ. ದೊಡ್ಡ ಕಾರಿನವನಿಗೆ ಸಣ್ಣ ಕಾರು ದಾರಿ ಬಿಡಬೇಕು, ಸಣ್ಣ ಕಾರಿನವನಿಗೆ ಬೈಕು, ಬೈಕಿನವನಿಗೆ ಸೈಕಲ್ಲು. ನೇರ ಮಾತು, ನಿಷ್ಠುರ ನಡೆ ಎಂದು ಹೆಮ್ಮೆಪಡುವ ನಮ್ಮ ಸೀಮೆಯಲ್ಲಿ ಹಿಂದೆ ಸರಿಯುವುದು ಸೋಲೆಂಬ ಭಾವನೆ ತುಸು ಹೆಚ್ಚೇ ಇದೆ. ನಿವೃತ್ತಿಯ ನಂತರ ಸ್ವತಃ ಸ್ಟೀರಿಂಗ್ ಹಿಡಿದಾಗ ನನ್ನೊಳಗೂ ಸಿಟ್ಟು ಏಳುವುದನ್ನು ಕಂಡೆ. ಅದನ್ನು ನಿಗ್ರಹಿಸುವುದು ಕೂಡ ಗೇರು ಬದಲಿಸುವಂತೆ ಕಲಿಯಬೇಕಾದ ವಿದ್ಯೆ ಎಂದು ಅರಿವಾದದ್ದು ಆಗಲೇ.

ಕಲಿಯದಿದ್ದರೆ ತೆರಬೇಕಾದ ಬೆಲೆ ಸಣ್ಣದಲ್ಲ. 1988ರ ಡಿಸೆಂಬರ್ 27ರಂದು ಪಟಿಯಾಲದಲ್ಲಿ ವಾಹನ ನಿಲುಗಡೆಯ ವಿಷಯಕ್ಕೆ ನಡೆದ ಜಗಳದಲ್ಲಿ 65 ವರ್ಷದ ವ್ಯಕ್ತಿಯೊಬ್ಬರು ಮೃತಪಟ್ಟರು. ಆ ಪ್ರಕರಣದಲ್ಲಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು ಅವರಿಗೆ ಸುಪ್ರೀಂ ಕೋರ್ಟ್ ಒಂದು ವರ್ಷದ ಸೆರೆವಾಸ ವಿಧಿಸಿದ್ದು 2022ರ ಮೇ ತಿಂಗಳಲ್ಲಿ. ಕೆಲವು ನಿಮಿಷಗಳ ಕೋಪ 33 ವರ್ಷ ಎರಡೂ ಕಡೆಯವರನ್ನು ಕಾಡಿತು. 2025ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ, ಕಾರಿನ ಕನ್ನಡಿಗೆ ಬೈಕ್ ತಾಗಿತೆಂದು ಅಟ್ಟಿಸಿಕೊಂಡು ಹೋಗಿ ಡಿಕ್ಕಿ ಹೊಡೆದ ಆರೋಪದ ಮೇಲೆ ದಂಪತಿಯನ್ನು ಪೊಲೀಸರು ಬಂಧಿಸಿದರು. ಬೈಕ್‌ನಲ್ಲಿದ್ದ ಯುವಕ ಬದುಕುಳಿಯಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮ ಹಿರಿಯರು ಕೇಳಿದ್ದು ಇದನ್ನೇ.

ಸಿಟ್ಟಿನ ನಿಗ್ರಹವನ್ನು ಕಲಿಸಬಹುದೇ? ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯವೊಂದರ ಮನಶ್ಶಾಸ್ತ್ರಜ್ಞ ಜೆರ್ರಿ ಡಿಫನ್‌ಬಾಕರ್ ಮತ್ತು ಸಂಗಡಿಗರು 1994ರಲ್ಲಿ ಚಾಲಕರ ಸಿಟ್ಟನ್ನು ಅಳೆಯುವ ಮಾಪನವೊಂದನ್ನು ರೂಪಿಸಿದರು. ದೇಹವನ್ನು ಸಡಿಲಿಸುವ ಅಭ್ಯಾಸ ಮತ್ತು ಆಲೋಚನೆಯ ಧಾಟಿಯನ್ನು ಬದಲಿಸುವ ಅಭ್ಯಾಸ, ಇವೆರಡರಿಂದ ಆ ಸಿಟ್ಟು ಇಳಿಯುತ್ತದೆಂದು ಅವರ ಮುಂದಿನ ಅಧ್ಯಯನಗಳು ಕಂಡುಕೊಂಡವು. ಮೊದಲನೆಯದು ಸರಳ: ಸ್ಟೀರಿಂಗ್ ಮೇಲಿನ ಬಿಗಿ ಹಿಡಿತವನ್ನು ಸಡಿಲಿಸುವುದು, ಉಸಿರನ್ನು ನಿಧಾನವಾಗಿ ಹೊರಬಿಡುವುದು. ಎರಡನೆಯದಕ್ಕೆ ತುಸು ಯೋಚನೆ ಬೇಕು. ನಾವು ತಪ್ಪು ಮಾಡಿದಾಗ ಸಂದರ್ಭವನ್ನು ದೂರುತ್ತೇವೆ. ಇನ್ನೊಬ್ಬ ಮಾಡಿದಾಗ ಅವನ ಗುಣವನ್ನೇ ದೂರುತ್ತೇವೆ. ಆಡಂ ಸ್ಮಿತ್ ತನ್ನ ಸುಪ್ರಸಿದ್ಧ ಅರ್ಥಶಾಸ್ತ್ರ ಗ್ರಂಥಕ್ಕೂ ಮುಂಚೆ, 1759ರಲ್ಲಿ, ನೈತಿಕ ಭಾವನೆಗಳ ಕುರಿತು ಬರೆದ ಪುಸ್ತಕದಲ್ಲಿ ಇದಕ್ಕೊಂದು ಮದ್ದು ಸೂಚಿಸಿದ್ದಾನೆ: ಸಂಬಂಧವಿಲ್ಲದ ನಿಷ್ಪಕ್ಷಪಾತಿ ಪ್ರೇಕ್ಷಕನೊಬ್ಬ ಒಪ್ಪುವಷ್ಟಕ್ಕೆ ಮಾತ್ರ ನಮ್ಮ ಕೋಪವನ್ನು ತಗ್ಗಿಸಿಕೊಳ್ಳಬೇಕು. ಈ ತತ್ವವನ್ನು ನನ್ನ ಜೀಪಿನ ಹಳೆಯ ಚಾಲಕರು ಸ್ಮಿತ್‌ನನ್ನು ಓದದೆಯೇ ಬಲ್ಲವರಾಗಿದ್ದರು. ಯಾರಾದರೂ ಅಡ್ಡ ನುಗ್ಗಿದರೆ ಅವರು ಹೇಳುತ್ತಿದ್ದುದು ಇಷ್ಟೇ: ‘ಹೋಗ್ಲಿ ಬುಡಿ ಸಾ, ಅವ್ನಿಗೇನ್ ಅರ್ಜೆಂಟೋ ಏನೋ.’

ಈ ಒಂದು ಮಾತನ್ನು ರೂಢಿಸಿಕೊಂಡರೆ ಉಳಿದ ಕ್ರಮಗಳು ತಾವಾಗಿ ಕೂಡಿಬರುತ್ತವೆ. ಹತ್ತು ಹದಿನೈದು ನಿಮಿಷ ಮೊದಲೇ ಹೊರಟರೆ ಕಬ್ಬಿನ ಟ್ರ್ಯಾಕ್ಟರ್ ಅಡ್ಡಿ ಎನಿಸದೆ ಲೆಕ್ಕದಲ್ಲಿ ಹಿಡಿದ ಸಂಗತಿಯಾಗುತ್ತದೆ. ಹಾರ್ನ್ ಇರುವುದು ಎಚ್ಚರಿಸಲು, ಬೈಯಲು ಅಲ್ಲ ಎಂಬುದು ನೆನಪಾಗುತ್ತದೆ. ಹೆದ್ದಾರಿಯಿಂದ ಇಳಿದೊಡನೆ ಮೀಟರಿನ ಮುಳ್ಳನ್ನು ನೋಡುವುದು ಅಭ್ಯಾಸವಾಗುತ್ತದೆ. ಯಾರಾದರೂ ನಿಜಕ್ಕೂ ಅಪಾಯಕಾರಿಯಾಗಿ ಓಡಿಸುತ್ತಿದ್ದರೆ ಅವರ ಬೆನ್ನು ಹತ್ತುವ ಬದಲು, ಬದಿಗೆ ನಿಲ್ಲಿಸಿ 112ಕ್ಕೆ ಕರೆ ಮಾಡಬಹುದು.

ಆದರೆ ಎಲ್ಲವನ್ನೂ ವ್ಯಕ್ತಿಯ ಸಂಯಮಕ್ಕೇ ಬಿಟ್ಟು ಸರ್ಕಾರ ಸುಮ್ಮನಿರಲಾಗದು. 2021ರ ಜುಲೈ 1ರಿಂದ ಜಾರಿಗೆ ಬಂದ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳ ನಿಯಮದಲ್ಲಿ ಲಘು ವಾಹನಕ್ಕೆ 29 ಗಂಟೆಗಳ ತರಬೇತಿಯಿದೆ. ಅದರ 8 ಗಂಟೆಗಳ ಪಾಠದಲ್ಲಿ ರಸ್ತೆ ಸೌಜನ್ಯ, ರಸ್ತೆಯ ಸಿಟ್ಟು ಎಂಬ ವಿಷಯಗಳೂ ಸೇರಿವೆ. ಕಾಗದದ ಮೇಲಿನ ಈ ಪಾಠ ಮಳವಳ್ಳಿಯಂಥ ತಾಲ್ಲೂಕು ಕೇಂದ್ರಗಳ ಸಾಮಾನ್ಯ ಚಾಲನಾ ಶಾಲೆಗಳಿಗೂ ಇಳಿಯಬೇಕು. ಮೈದಾನದಲ್ಲಿ ಎಂಟು ಹಾಕಿದವನಿಗೆಲ್ಲ ಪರವಾನಗಿ ಎಂಬ ಮನೋಭಾವ ಹೋಗಬೇಕು. ಸಕ್ಕರೆ ಕಾರ್ಖಾನೆಗಳು ಹಿಂಬದಿಯ ದೀಪ, ಪ್ರತಿಫಲಕವಿಲ್ಲದ ಟ್ರೈಲರ್‌ಗಳ ಕಬ್ಬನ್ನು ತೂಕಕ್ಕೇ ತೆಗೆದುಕೊಳ್ಳಬಾರದು. ರಸ್ತೆಯಲ್ಲಿ ಒಕ್ಕಣೆ ಮಾಡುವ ರೈತರಿಗೆ ಕೇವಲ ಎಚ್ಚರಿಕೆ ಕೊಟ್ಟರೆ ಸಾಲದು. ಊರಿನ ಕಣಗಳು ಮಾಯವಾದ್ದರಿಂದಲೇ ಅವರು ರಸ್ತೆಗೆ ಬಂದದ್ದು. ಉದ್ಯೋಗ ಖಾತರಿ ಯೋಜನೆಯಡಿ ಒಕ್ಕಣೆ ಕಣಗಳನ್ನು ಕಟ್ಟಿಕೊಟ್ಟ ನಿದರ್ಶನಗಳು ರಾಜ್ಯದಲ್ಲಿವೆ. ಪಂಚಾಯಿತಿಗಳು ಆ ಕೆಲಸವನ್ನು ಮುಂದುವರಿಸಿದರೆ ರಸ್ತೆಯ ಒಂದು ಜಗಳ ಮೂಲದಲ್ಲಿಯೇ ತಪ್ಪುತ್ತದೆ.

ಮದ್ದೂರಿನ ಶಿವಪುರದಲ್ಲಿ ಹಳೆಯ ಹೆದ್ದಾರಿಯ ಪಕ್ಕ ಸತ್ಯಾಗ್ರಹ ಸೌಧವಿದೆ. 1938ರ ಧ್ವಜ ಸತ್ಯಾಗ್ರಹದಲ್ಲಿ ಅಲ್ಲಿ ಸೇರಿದವರು ಮೈಸೂರು ಸರ್ಕಾರದ ನಿಷೇಧವನ್ನು ಮೀರಿ ನಿಂತರು, ಆದರೆ ಯಾರ ಮೇಲೂ ಕೈ ಎತ್ತಲಿಲ್ಲ. ಅವರನ್ನು ಈ ಜಿಲ್ಲೆಯಲ್ಲಿ ಯಾರೂ ಹೇಡಿಗಳೆಂದು ಕರೆಯುವುದಿಲ್ಲ. ಅದೇ ಜಿಲ್ಲೆಯ ರಸ್ತೆಯಲ್ಲಿ ಬೈಕಿನ ಹುಡುಗನೊಬ್ಬನಿಗೆ ದಾರಿ ಬಿಟ್ಟುಕೊಟ್ಟರೆ ನಮ್ಮ ಗೌರವಕ್ಕೆ ಕುಂದು ಬರುವುದೆಂದು ತಿಳಿಯಲು ಕಾರಣವಿಲ್ಲ. ಹೆಚ್ಚೆಂದರೆ ಆರು ನಿಮಿಷ ಹೋದೀತು. ಅವನೂ ನಾವೂ ಮನೆ ಸೇರುತ್ತೇವೆ.