ಈಡು ತುಂಬುವ ಲೆಕ್ಕ

ಮೆಣಸೆ ಎಂದರೆ ಹೊರಗಿನವರಿಗೆ ನೆನಪಾಗುವುದು ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಪರಿಸರ. ಅದರ ಸುತ್ತಮುತ್ತ, ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ತೋಟದ ಮನೆಗಳಲ್ಲಿ ಪಾಠಶಾಲೆಯಿಲ್ಲದೆ ಉಳಿದು ಬಂದ ಇನ್ನೊಂದು ವಿದ್ಯೆಯಿದೆ: ಕೋವಿಗೆ ಈಡು ತುಂಬುವುದು. ಗದ್ದೆಗೆ ಹಂದಿ, ಬಾಳೆಗೆ ಮಂಗ ಎಂಬ ಕಾಟ ಇಲ್ಲಿ ಇಂದು ನಿನ್ನೆಯದಲ್ಲ. ಕುವೆಂಪು ಹುಟ್ಟಿದ್ದು ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅವರ ಕಾದಂಬರಿಗಳ ಮಲೆನಾಡಿನಲ್ಲಿ ಕೋವಿ ಮನೆಸಾಮಾನಿನಷ್ಟೇ ಸಹಜ.

ಆ ಕೋವಿ ಬಹುಪಾಲು ಕೇಪಿನ ಕೋವಿ. ಇದಕ್ಕೆ ಅಂಗಡಿಯ ಸಿದ್ಧ ತೋಟ, ಅಂದರೆ ಕಾಡತೂಸು, ಹಾಕುವಂತಿಲ್ಲ, ಪ್ರತಿ ಈಡನ್ನೂ ಕೈಯಾರೆ ಕಟ್ಟಬೇಕು. ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೆ ತೆಂಗಿನ ಕತ್ತದ ಉಂಡೆ ಇಟ್ಟು, ಉದ್ದನೆಯ ಗಜದಿಂದ ಜಡಿಯುತ್ತಾರೆ. ಮೊದಮೊದಲು ಮೆತ್ತಗೆ ಕೇಳುವ ಸದ್ದು ಬರಬರುತ್ತ ಗಟ್ಟಿಯಾಗುತ್ತದೆ. ಕೈಬಿಟ್ಟ ಗಜ ತಾನಾಗಿ ಪುಟಿದು ಮೇಲೆ ಬಂದರೆ ಕತ್ತ ಸರಿಯಾಗಿ ಕೂತಿತೆಂದು ಲೆಕ್ಕ. ಆಮೇಲೆ ಚರೆ ಅಥವಾ ಒಂಟಿ ಗುಂಡು. ಅದು ಜಾರದಂತೆ ತೆಳುವಾಗಿ ಇನ್ನಷ್ಟು ಕತ್ತ. ಖಾಲಿ ನಳಿಗೆಯಲ್ಲಿ ಗಜದ ತುದಿ ಎಲ್ಲಿಗೆ ಬರುತ್ತಿತ್ತೋ ಅಲ್ಲಿಂದ ಈಗ ಎಷ್ಟು ಮೇಲೆದ್ದಿದೆ ಎಂದು ಬೆರಳು ಹಿಡಿದು ಅಳೆಯುತ್ತಾರೆ. ಈಡಿನ ಅಳತೆ ಹೇಳುವುದೇ ಬೆರಳಿನಲ್ಲಿ. ಮದ್ದಿಗೆ ಕಿಡಿ ತಾಗಿಸುವ ಕೇಪನ್ನು ಕೂರಿಸುವುದು ಎಲ್ಲಕ್ಕಿಂತ ಕೊನೆಗೆ. ಮದ್ದಿಗೂ ಗುಂಡಿಗೂ ನಡುವೆ ಸಂದು ಉಳಿದರೆ ನಳಿಗೆ ಉಬ್ಬುತ್ತದೆ, ಸೀಳಲೂಬಹುದು; ಆ ಜಡಿತ, ಆ ಬೆರಳ ಲೆಕ್ಕ ಎಲ್ಲ ಇದಕ್ಕಾಗಿ.

ಒಂದು ಕೋವಿಗೆ ಹೊಂದಿದ ಈಡು ಪಕ್ಕದ ಮನೆಯ ಕೋವಿಗೆ ಹೊಂದಬೇಕೆಂದಿಲ್ಲ. ನಳಿಗೆಯ ಉದ್ದ, ಒಳಗಿನ ಸವೆತ, ಚರೆಯ ದಪ್ಪ ಎಲ್ಲವೂ ಸೇರಿ ಆ ಕೋವಿಯ ಗುಣ. ಅದನ್ನು ತಿಳಿಯುವ ದಾರಿ ಒಂದೇ: ಅಡಿಕೆ ಹಾಳೆಯನ್ನು ಮರಕ್ಕೆ ಕಟ್ಟಿ ಹೊಡೆದು, ತೂತು ಎಣಿಸುವುದು. ಮದ್ದು ಹೆಚ್ಚಿದಷ್ಟೂ ಏಟು ಬಲ ಎಂದು ಹೊಸಬರು ನಂಬುತ್ತಾರೆ. ಅತಿಯಾದರೆ ಚರೆ ಚೆದರಿ ಹಾಳೆಯ ನಡುಭಾಗವೇ ಖಾಲಿ ಬೀಳುತ್ತದೆ, ಭುಜಕ್ಕೆ ಒದೆತ ಬೇರೆ. ಕಡಿಮೆಯಾದರೆ ಪ್ರಾಣಿ ಗಾಯಗೊಂಡು ಹಳುವಿಗೆ ನುಗ್ಗುತ್ತದೆ. ನರಳುತ್ತ ಅವಿತ ಹಂದಿ ತಾನೂ ದಿನಗಟ್ಟಲೆ ಸಾಯುತ್ತದೆ, ಹುಡುಕಿ ಹೋದವನ ತೊಡೆಯನ್ನೂ ಸೀಳುತ್ತದೆ. ಅಳತೆಯ ಶಿಸ್ತನ್ನು ನಾನು ದಯೆಯ ಮಾತೆಂದೇ ತಿಳಿದಿದ್ದೇನೆ.

ಹೊರದೇಶಗಳಲ್ಲಿ ಹಳೆಯ ಬೇಟೆ ರೈಫಲ್‌ಗಳಿಗೆ ಮನೆಯಲ್ಲೇ ತೋಟ ಕಟ್ಟುವ ಹವ್ಯಾಸಿಗಳ ಕೆಲಸವೂ ಇದೇ ಜಾಡಿನದು. ಅಲ್ಲಿ ಬೆರಳಿನ ಬದಲು ಸೂಕ್ಷ್ಮ ತಕ್ಕಡಿ. ತೂಕ ಗ್ರೇನ್‌ನಲ್ಲಿ; ಒಂದು ಪೌಂಡಿಗೆ 7000 ಗ್ರೇನ್. ನಮ್ಮ ಅಕ್ಕಸಾಲಿಗರ ಗುಲಗಂಜಿ ಹೆಚ್ಚುಕಡಿಮೆ ಎರಡು ಗ್ರೇನ್ ತೂಗುತ್ತದೆ. ಪ್ರಕಟಿತ ಕೋಷ್ಟಕದ ಕನಿಷ್ಠದಿಂದ ಶುರುಮಾಡಿ ಮದ್ದನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾರೆ. ಒಂದು ಸಲಕ್ಕೆ ಒಂದೇ ಬದಲಾವಣೆ: ಮದ್ದು ಬದಲಿಸಿದರೆ ಗುಂಡು, ಕೇಪು, ಗುಂಡು ಕೂರಿಸಿದ ಆಳ ಯಾವುದನ್ನೂ ಮುಟ್ಟುವುದಿಲ್ಲ. ಮೂರು ಅಥವಾ ಐದು ಗುಂಡು ಒತ್ತೊತ್ತಾಗಿ ಬಿದ್ದರೆ ಅದು ಆ ರೈಫಲ್ಲಿನ ಈಡು.

ಗುಂಡಿನ ಆಯ್ಕೆಯಲ್ಲಿ ಮಾತ್ರ ರೈಫಲ್ಲಿನ ದಾರಿ ಬೇರೆ. ಕೇಪಿನ ಕೋವಿಯ ನಳಿಗೆ ಒಳಗೆ ನುಣುಪು. ಗುಂಡು ತಿರುಗದೆ ಹೋಗುವುದರಿಂದ ದೂರಕ್ಕೆ ನೆಚ್ಚಿಕೆಯಿಲ್ಲ. ರೈಫಲ್ಲಿನ ನಳಿಗೆಯಲ್ಲಿ ಸುರುಳಿ ಗೀರುಗಳಿರುತ್ತವೆ. ಗುಂಡು ಉದ್ದವಾದಷ್ಟೂ ಆ ಸುರುಳಿ ಬಿಗಿಯಾಗಿರಬೇಕು. ಇಂಗ್ಲೆಂಡಿನ ಗಣಿತಜ್ಞ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು, ಇಂದಿಗೂ ಜನ ಅದನ್ನು ಬಳಸುತ್ತಾರೆ. ಭಾರದ ಉದ್ದ ಗುಂಡು ನಿಧಾನದ ಸುರುಳಿಯಲ್ಲಿ ಹೊರಟರೆ ಓಲಾಡಿ ಗುರಿ ತಪ್ಪುತ್ತದೆ. ಇನ್ನು ಮೂತಿಯಲ್ಲಿ ಸೀಸ ತೆರೆದಿರುವ ಗುಂಡು ತಾಗಿದೊಡನೆ ಅರಳಿ ಬೇಗ ಕೆಡವುತ್ತದೆ. ಪೂರ್ತಿ ಲೋಹದ ಹೊದಿಕೆಯದು ಅರಳದೆ ಆಳಕ್ಕೆ ಇಳಿಯುತ್ತದೆ.

ಕನ್ನಡ ಓದುಗರಿಗೆ ಇಂಥ ಒಂದು ರೈಫಲ್ ತೇಜಸ್ವಿಯವರ ‘ಕಾಡಿನ ಕಥೆಗಳು’ ಮೂಲಕ ಪರಿಚಯ. ಅಲ್ಲಿನ ಕಥೆಗಳ ಮೂಲ ಲೇಖಕ, ಬೆಂಗಳೂರಿನ ಕೆನೆತ್ ಆಂಡರ್ಸನ್ ನೆಚ್ಚಿಕೊಂಡಿದ್ದು .405 ವಿಂಚೆಸ್ಟರನ್ನು. 1895ರ ಮಾದರಿಯ ಈ ರೈಫಲ್‌ಗೆ .405 ತೋಟ ಬಂದದ್ದು 1904ರಲ್ಲಿ. ಗುಂಡಿನ ತೂಕ 300 ಗ್ರೇನ್. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಇದನ್ನೇ ಒಯ್ದಿದ್ದರು. ಮುಂದೆ ಕಾರ್ಖಾನೆ ಆ ತೋಟ ನಿಲ್ಲಿಸಿದಾಗ ರೈಫಲ್ ಇದ್ದವರಿಗೆ ಕೈಯಿಂದ ಕಟ್ಟುವುದೇ ಗತಿಯಾಯಿತು. .405 ಎಂದು ಹೆಸರಿದ್ದರೂ ಗುಂಡಿನ ನಿಜವಾದ ವ್ಯಾಸ .411 ಇಂಚು, ಹಾಗಾಗಿ ಹೊಂದುವ ಗುಂಡು ಹುಡುಕುವುದೇ ಅರ್ಧ ಕೆಲಸ.

ನಮ್ಮಲ್ಲಿ ಮದ್ದುಗುಂಡು ತಯಾರಿಸಲು ಪ್ರತ್ಯೇಕ ಪರವಾನಗಿ ಬೇಕು, ಆದ್ದರಿಂದ ಮನೆಯಲ್ಲೇ ತೋಟ ಕಟ್ಟುವ ಹವ್ಯಾಸ ಇಲ್ಲಿ ಬೆಳೆಯಲಿಲ್ಲ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಬೆಳೆ ಕಾಯಲು ಬಾಯಿಂದ ತುಂಬುವ ಕೋವಿಯನ್ನು ಹೆಸರಿಸಿಯೇ ಹೇಳುತ್ತದೆ. ಮಲೆನಾಡಿನ ಲೈಸೆನ್ಸುಗಳ ಬೇರು ಅಲ್ಲಿದೆ. ಕೋವಿಗೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಹೊಡೆಯುವ ಹಕ್ಕು ಬರುವುದಿಲ್ಲ; 1972ರ ವನ್ಯಜೀವಿ ಕಾಯ್ದೆಯ ನಂತರ, ಬೆಳೆ ಹಾಳು ಮಾಡುವ ಹಂದಿಗೂ ಅರಣ್ಯ ಇಲಾಖೆಯ ಅನುಮತಿ ಬೇಕು. ಹೀಗಾಗಿ ಈಗಿನ ಈಡು ಹೆಚ್ಚಿನ ಸಲ ಬರಿ ಸದ್ದಿಗೆ, ಆಕಾಶಕ್ಕೆ. ಅದು ಹಾಗೇ ಇರಲಿ, ನನಗೆ ಅದರಲ್ಲಿ ಬೇಸರವಿಲ್ಲ.

ಬೇಸರವಿರುವುದು ಕೋವಿಯ ಆರೈಕೆ ತಪ್ಪುತ್ತಿರುವುದಕ್ಕೆ. ಕರಿಮದ್ದು ಸುಟ್ಟ ಮೇಲೆ ಉಳಿಯುವ ಕಿಟ್ಟ ಗಾಳಿಯ ತೇವ ಹೀರುತ್ತದೆ. ಶೃಂಗೇರಿ ಸೀಮೆಯ ಮಳೆಗಾಲದಲ್ಲಿ ನಳಿಗೆಗೆ ತುಕ್ಕು ಹತ್ತಲು ಹೆಚ್ಚು ದಿನ ಬೇಡ. ಬಿಸಿನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿ ಇಡಬೇಕು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿದ ಕೋವಿ ವಾರಗಟ್ಟಲೆ ಅಲ್ಲೇ ಇರುತ್ತದೆ. ವಾಪಸು ತಂದ ದಿನವೇ ಈಡು ತುಂಬದೆ, ಮೊದಲು ನಳಿಗೆಯೊಳಗೆ ಗಜ ಇಳಿಸಿ ಹಳೆಯ ಈಡು ಉಳಿದಿದೆಯೇ ಎಂದು ನೋಡಬೇಕು. ಗಜ ತಳಕ್ಕೆ ಮುಟ್ಟದಿದ್ದರೆ ಕೇಪು ಹಾಕುವ ಮಾತೇ ಇಲ್ಲ.