ಗುಜರಿಗೆ ಹಾಕುವ ಮುನ್ನ ಗುರುತು ಹಿಡಿಯಿರಿ

ದೊಡ್ಡಬಳ್ಳಾಪುರದ ಪೇಟೆಯಲ್ಲಿ ಬಹುಕಾಲದಿಂದ ನಡೆದುಬಂದಿದ್ದ ರೇಡಿಯೋ ರಿಪೇರಿ ಅಂಗಡಿಯೊಂದು ಈಚೆಗೆ ಬಾಗಿಲು ಮುಚ್ಚಿತು. ಯಜಮಾನರು ಕಾಲವಾದ ಮೇಲೆ ಅವರ ಮಕ್ಕಳು ಅಲ್ಲಿದ್ದ ಪೆಟ್ಟಿಗೆಗಳನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಮಾರಲು ಹೊರಟಿದ್ದ ಸಮಯಕ್ಕೆ ನಾವು ಅಲ್ಲಿಗೆ ಹೋಗಿದ್ದೆವು. ಗಾಜಿನ ವಾಲ್ವುಗಳು, ಬಣ್ಣದ ಪಟ್ಟೆಗಳುಳ್ಳ ರೆಸಿಸ್ಟರುಗಳು, ಮೂರು ಕಾಲಿನ ಟ್ರಾನ್ಸಿಸ್ಟರುಗಳು, ಮೇಣ ಬಳಿದ ಕಂಡೆನ್ಸರುಗಳು ಪೆಟ್ಟಿಗೆಗಳ ತುಂಬ ಇದ್ದುವು. “ಇವು ಏನೇನೆಂದು ನಮಗೆ ತಿಳಿಯದು ಸ್ವಾಮಿ, ತಂದೆಯವರಿಗೆ ಮಾತ್ರ ತಿಳಿದಿತ್ತು” ಎಂದು ಹಿರಿಯ ಮಗನು ಹೇಳಿದನು. ಆ ಮಾತೇ ಈ ಲೇಖನಕ್ಕೆ ಕಾರಣವು.

ತಿಳಿಯದೆಂಬುದು ನಿಜ, ತಿಳಿಯಲಾಗದೆಂಬುದು ನಿಜವಲ್ಲ. ಈ ವಸ್ತುಗಳು ತಮ್ಮ ಕುಲಗೋತ್ರಗಳನ್ನು ತಮ್ಮ ಮೈಮೇಲೆಯೇ ಬರೆದುಕೊಂಡಿರುವುವು. ಓದುವ ಕ್ರಮವನ್ನು ಅರಿತರೆ ಸಾಕು.

ವಾಲ್ವನ್ನೇ ತೆಗೆದುಕೊಳ್ಳೋಣ. ‘ಇಎಲ್ 84’ ಎಂದು ಬರೆದಿದ್ದರೆ, ಯೂರೋಪಿನ ಪದ್ಧತಿಯಲ್ಲಿ ‘ಇ’ ಎಂಬುದು ಒಳಗಿನ ತಂತಿಯನ್ನು ಕಾಯಿಸಲು 6.3 ವೋಲ್ಟು ಬೇಕೆಂದೂ, ‘ಎಲ್’ ಎಂಬುದು ಧ್ವನಿಗೆ ಬಲ ಕೊಡುವ ಪೆಂಟೋಡ್ ಎಂದೂ, ಎಂಟರ ಅಂಕಿಯು ಒಂಬತ್ತು ಕಡ್ಡಿಗಳ ಪೀಠವೆಂದೂ ಹೇಳುವುವು. ಅಮೆರಿಕದವರು ಇದನ್ನೇ ‘6ಬಿಕ್ಯೂ5’ ಎಂದು ಕರೆದರು. ಹೆಸರು ಎರಡು, ವಸ್ತು ಒಂದೇ. ಅಕ್ಷರವು ಮಾಸಿದ್ದರೆ ಒದ್ದೆ ಬಟ್ಟೆಯಿಂದ ಉಜ್ಜಬಾರದು; ಉಳಿದಿದ್ದೂ ಹೋದೀತು. ಗಾಜಿನ ಮೇಲೆ ಮೆಲ್ಲನೆ ಉಸಿರು ಬಿಟ್ಟು ಓರೆಯಾಗಿ ಬೆಳಕಿಗೆ ಹಿಡಿದರೆ ಅಳಿದ ಅಕ್ಷರವು ಅನೇಕ ವೇಳೆ ಮೂಡಿ ಕಾಣುವುದು.

ರೆಸಿಸ್ಟರುಗಳಲ್ಲಿ ಬಣ್ಣವೇ ಅಂಕಿ. ಕಪ್ಪಿಗೆ ಸೊನ್ನೆ, ಕಂದಿಗೆ ಒಂದು, ಕೆಂಪಿಗೆ ಎರಡು, ಕಿತ್ತಳೆಗೆ ಮೂರು, ಹಳದಿಗೆ ನಾಲ್ಕು, ಹಸುರಿಗೆ ಐದು, ನೀಲಿಗೆ ಆರು, ನೇರಳೆಗೆ ಏಳು, ಬೂದಿಗೆ ಎಂಟು, ಬಿಳುಪಿಗೆ ಒಂಬತ್ತು. ಮೊದಲಿನ ಎರಡು ಪಟ್ಟೆಗಳು ಅಂಕಿಗಳು. ಮೂರನೆಯದು ಸೊನ್ನೆಗಳ ಸಂಖ್ಯೆ. ಹಳದಿ, ನೇರಳೆ, ಕೆಂಪು ಎಂದರೆ 4700 ಓಂ. ಇನ್ನೂ ಹಳೆಯವುಗಳಲ್ಲಿ ಪಟ್ಟೆಗಳಿಲ್ಲ. ಮೈಬಣ್ಣವನ್ನು ಮೊದಲು, ತುದಿಯನ್ನು ಆಮೇಲೆ, ನಡುವಿನ ಚುಕ್ಕೆಯನ್ನು ಕಡೆಗೆ ಓದತಕ್ಕದ್ದು.

ಟ್ರಾನ್ಸಿಸ್ಟರುಗಳ ಯೂರೋಪಿನ ಹೆಸರಿನಲ್ಲಿ ಮೊದಲಕ್ಷರ ‘ಎ’ ಆದರೆ ಜರ್ಮೇನಿಯಂ, ‘ಬಿ’ ಆದರೆ ಸಿಲಿಕಾನ್. ಹೆಸರೇ ಅಳಿದಿದ್ದರೆ ಮಲ್ಟಿಮೀಟರಿನ ಡಯೋಡ್ ಪರೀಕ್ಷೆಯಲ್ಲಿ ಜರ್ಮೇನಿಯಂ ಸುಮಾರು 0.2ರಿಂದ 0.3 ವೋಲ್ಟನ್ನೂ ಸಿಲಿಕಾನ್ ಸುಮಾರು 0.6ರಿಂದ 0.7 ವೋಲ್ಟನ್ನೂ ತೋರಿಸುವುವು.

ಒಂದು ಎಚ್ಚರಿಕೆಯುಂಟು. ದೊಡ್ಡ ಕಂಡೆನ್ಸರುಗಳು ಪ್ಲಗ್ಗನ್ನು ಕಿತ್ತ ಮೇಲೆಯೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಎಣ್ಣೆ ತುಂಬಿದ ಕೆಲವು ಹಳೆಯ ಡಬ್ಬಿಗಳಲ್ಲಿ ವಿಷದ್ರವ್ಯವಿರುವ ಕಾರಣ ಅವನ್ನು ಒಡೆಯಲೇಬಾರದು.

ಇಷ್ಟೆಲ್ಲ ಶ್ರಮವೇಕೆಂದು ಕೇಳುವವರಿಗೆ ನಮ್ಮ ಉತ್ತರವಿದು. ಆ ಪೆಟ್ಟಿಗೆಗಳ ವಾಲ್ವುಗಳನ್ನು ಒಂದೊಂದಾಗಿ ತಿರುಗಿಸಿ ನೋಡುವಾಗ ಕೆಲವುಗಳ ಮೇಲೆ ‘ಬಿ.ಇ.ಎಲ್.’ ಎಂಬ ಗುರುತು ಕಂಡಿತು. ಅವು ಹಾಲೆಂಡಿನಿಂದಲೋ ಇಂಗ್ಲೆಂಡಿನಿಂದಲೋ ಬಂದವಲ್ಲ. ನಮ್ಮ ನೆರೆಯ ಜಾಲಹಳ್ಳಿಯಲ್ಲಿ ಹುಟ್ಟಿದವು. 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ರೇಡಿಯೋ ವಾಲ್ವುಗಳನ್ನೂ 1962ರಲ್ಲಿ ಜರ್ಮೇನಿಯಂ ಸಾಧನಗಳನ್ನೂ ತಯಾರಿಸಲಾರಂಭಿಸಿತು. ಹೊಸದಾಗಿ ಸ್ವತಂತ್ರವಾದ ದೇಶವೊಂದು ತನ್ನ ಧ್ವನಿಯನ್ನು ತನ್ನ ಕೈಯಿಂದಲೇ ಕಟ್ಟಿಕೊಂಡ ಕಾಲದ ಸಾಕ್ಷಿಗಳನ್ನು ಹೆಸರು ಕೇಳದೆಯೇ ತಕ್ಕಡಿಗೆ ಹಾಕುವುದು ಯಾವ ನ್ಯಾಯ?

ಎಲ್ಲವನ್ನೂ ಕೂಡಿಡಬೇಕೆಂದು ನಾವು ಹೇಳುವುದಿಲ್ಲ. ನಿಜವಾಗಿ ಕೆಟ್ಟುಹೋದುದನ್ನು ಬೀದಿಯಲ್ಲಿ ಸುಡದೆ ಅಧಿಕೃತ ಸಂಸ್ಕರಣೆಗಾರರಿಗೆ ಒಪ್ಪಿಸಬೇಕು. ಅಂಥ ಕೆಲಸಕ್ಕೆಂದು ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿಯೇ ಇ-ಪರಿಸರ ಎಂಬ ಸಂಸ್ಥೆಯು 2005ರಲ್ಲಿ ಆರಂಭವಾಯಿತು. ನಮ್ಮ ಬೇಡಿಕೆಯು ಇಷ್ಟೇ: ಕೊಡುವ ಮುನ್ನ ಗುರುತಿಸಿರಿ. ಪಾಲಿಟೆಕ್ನಿಕ್ಕುಗಳ ಉಪಾಧ್ಯಾಯರು ವಿದ್ಯಾರ್ಥಿಗಳನ್ನು ಊರಿನ ವೃದ್ಧ ರಿಪೇರಿಗಾರರ ಬಳಿಗೆ ಕಳುಹಿಸಿ, ಅವರು ಬಲ್ಲುದನ್ನು ಕನ್ನಡದಲ್ಲಿ ಬರೆಯಿಸಲಿ. ಪುರಸಭೆಗಳ ಅಧಿಕಾರಿಗಳು ಪುಸ್ತಕ ಭಂಡಾರದಲ್ಲಿ ಒಂದು ಕಪಾಟನ್ನು ಇದಕ್ಕಾಗಿ ಬಿಟ್ಟುಕೊಡಲಿ.

ದೊಡ್ಡಬಳ್ಳಾಪುರದ ಆ ಮಕ್ಕಳು ನಮ್ಮ ಮಾತಿಗೆ ಒಂದು ಪೆಟ್ಟಿಗೆಯನ್ನು ಉಳಿಸಿದರು. ಉಳಿದವು ಆ ಸಂಜೆಯೇ ಗಾಡಿಯೇರಿದುವು. ತಂದೆಯವರು ಇದ್ದಾಗಲೇ ಯಾರಾದರೂ ಕೇಳಿ ಬರೆದುಕೊಂಡಿದ್ದರೆ ಒಂದೂ ಅನಾಥವಾಗುತ್ತಿರಲಿಲ್ಲ. ವಸ್ತುವು ಹಾಳಾಗಲು ನೂರು ವರ್ಷ ಬೇಕಾದೀತು. ಅದರ ಹೆಸರು ಅಳಿಯಲು ಒಬ್ಬ ಬಲ್ಲವನ ಮರಣ ಸಾಕು.