ನಮ್ಮೂರಿನ ಮೇಲೆ ಸಂಶೋಧನೆಯೇ ಇಲ್ಲವೇ? ಹುಡುಕಾಟದ ಆರು ತಪ್ಪು ಕಲ್ಪನೆಗಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಡಿಗ್ರಿ ಕಾಲೇಜುಗಳಲ್ಲಿ ಓದಿ ತುಮಕೂರಿಗೋ ಬೆಂಗಳೂರಿಗೋ ಪಿಎಚ್.ಡಿ.ಗೆ ಹೋಗುವವರಿಗೆ ವಿಷಯಗಳು ಊರಲ್ಲೇ ಇವೆ: ಬೋರ್‌ವೆಲ್ ನೀರಿನ ಫ್ಲೋರೈಡ್, ಕಡ್ಲೆಕಾಯಿ ಬೆಳೆ, ತಿರುಮಣಿಯ ಸೋಲಾರ್ ಪಾರ್ಕ್, ಕಾಡುಗೊಲ್ಲರ ಜುಂಜಪ್ಪನ ಕಾವ್ಯ. ಆದರೆ ಹಿಂದಿನ ಅಧ್ಯಯನಗಳನ್ನು ಹುಡುಕುವ ಹಂತದಲ್ಲೇ ಕೆಲವು ನಂಬಿಕೆಗಳು ಕಾಲಿಗೆ ತೊಡರುತ್ತವೆ. ಹುಡುಕುವುದು ಯಾರು ಬೇಕಾದರೂ ಕಲಿಯಬಹುದಾದ ಕಸುಬು. ಅದನ್ನು ಕೂರಿಸಿಕೊಂಡು ಹೇಳಿಕೊಡುವವರು ಕಡಿಮೆ, ಅಷ್ಟೇ.

ತಪ್ಪು ಕಲ್ಪನೆ 1: “ನಮ್ಮ ತಾಲ್ಲೂಕಿನ ಮೇಲೆ ಯಾರೂ ಕೆಲಸ ಮಾಡಿಲ್ಲ.”

ಸತ್ಯ: ಮಾಡಿರುತ್ತಾರೆ, ಆದರೆ ಅದು ಬೇರೆ ಹೆಸರಿನಲ್ಲಿರುತ್ತದೆ. ಬಿ.ಎಲ್. ರೈಸ್ 1904ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೇ ಸಂಪುಟ ಪೂರ್ತಿ ತುಮಕೂರು ಜಿಲ್ಲೆಯ ಶಾಸನಗಳದ್ದು. ಅದರಲ್ಲಿ ಮಧುಗಿರಿ ಎಂದು ಹುಡುಕಿದರೆ ಸಿಗುವುದಿಲ್ಲ. ಆಗ ಅದು ಮದ್ದಗಿರಿ. ಪಾವಗಡ ಅಲ್ಲಿ ಪಾವುಗಡ. ಹಳೆಯ ಬ್ರಿಟಿಷ್ ಬರಹಗಳಲ್ಲಿ ಶಿರಾ ‘ಸೆರಾ’ ಆಗಿರುವುದೂ ಉಂಟು. ಇಂಗ್ಲಿಷ್‌ನಲ್ಲಿ ‘ತುಮ್ಕೂರ್’ ಹೋಗಿ ‘ತುಮಕೂರು’ ಬಂದದ್ದು 2014ರ ನವೆಂಬರ್‌ನಲ್ಲಿ. ಹೊಸ ಕಾಗುಣಿತವನ್ನಷ್ಟೇ ಹಾಕಿ ಹುಡುಕಿದವರಿಗೆ ಅದಕ್ಕೂ ಹಿಂದಿನ ಎಷ್ಟೋ ಪೇಪರ್‌ಗಳು ಕಾಣುವುದೇ ಇಲ್ಲ. ಎರಡು ಕಾಗುಣಿತಗಳ ನಡುವೆ ಇಂಗ್ಲಿಷ್‌ನ ‘ಆರ್’ (OR) ಪದವನ್ನು ದೊಡ್ಡಕ್ಷರದಲ್ಲಿ ಹಾಕಿದರೆ ಗೂಗಲ್ ಸ್ಕಾಲರ್ ಎರಡನ್ನೂ ಹುಡುಕಿ ಕೊಡುತ್ತದೆ.

ಮಧುಗಿರಿ ತಾಲ್ಲೂಕಿನ ಕೃಷ್ಣಮೃಗಗಳ ಅಧ್ಯಯನ ‘ಮೈದನಹಳ್ಳಿ’ ಎಂದೂ ಇರಬಹುದು, ‘ಜಯಮಂಗಲಿ’ ಎಂದೂ ಇರಬಹುದು. ಪ್ರಾಣಿಯ ವೈಜ್ಞಾನಿಕ ಹೆಸರು ‘ಆಂಟಿಲೋಪ್ ಸರ್ವಿಕಾಪ್ರ’ವನ್ನೂ ಜೊತೆಗೆ ಹುಡುಕಿ. 2,050 ಮೆಗಾವಾಟ್‌ನ ಪಾವಗಡ ಸೋಲಾರ್ ಪಾರ್ಕ್‌ಗೆ ‘ಶಕ್ತಿ ಸ್ಥಳ’ ಎಂಬ ಇನ್ನೊಂದು ಹೆಸರಿದೆ.

ಗಡಿಯಾಚೆಗೂ ನೋಡಬೇಕು. ಪಾವಗಡವನ್ನು ಬಹುಪಾಲು ಆಂಧ್ರದ ನೆಲವೇ ಸುತ್ತುವರಿದಿದೆ. ಗಡಿಯ ಎರಡೂ ಕಡೆ ಅದೇ ಗಟ್ಟಿ ಕಲ್ಲಿನ ನೆಲ, ಅದೇ ಕಡಿಮೆ ಮಳೆ, ಅದೇ ಕಡ್ಲೆಕಾಯಿ. ಅನಂತಪುರ, ಮಡಕಶಿರಾ, ಹಿಂದೂಪುರದ ಮೇಲೆ ನಡೆದ ಕೆಲಸವನ್ನು ಬಿಟ್ಟು ಪಾವಗಡದ ನೀರಿನ ಬಗ್ಗೆ ಬರೆದರೆ ಅದು ಅರ್ಧ ಅಧ್ಯಯನ.

ತಪ್ಪು ಕಲ್ಪನೆ 2: “ಗೂಗಲ್ ಸ್ಕಾಲರ್‌ನಲ್ಲಿ ಇಲ್ಲ ಅಂದರೆ ಎಲ್ಲೂ ಇಲ್ಲ.”

ಸತ್ಯ: 2004ರಲ್ಲಿ ಶುರುವಾದ ಸ್ಕಾಲರ್‌ನಿಂದ ಆರಂಭಿಸುವುದು ಸರಿ, ಅಲ್ಲೇ ನಿಲ್ಲುವುದು ತಪ್ಪು. ಭಾರತದ ಪಿಎಚ್.ಡಿ. ಥೀಸಿಸ್‌ಗಳಿಗೆ ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಇದೆ, ಕೃಷಿ ವಿಶ್ವವಿದ್ಯಾಲಯಗಳ ಥೀಸಿಸ್‌ಗಳಿಗೆ ಕೃಷಿಕೋಶ, ವೈದ್ಯಕೀಯಕ್ಕೆ ಪಬ್‌ಮೆಡ್, ಅಂತರ್ಜಲಕ್ಕೆ ಕೇಂದ್ರ ಅಂತರ್ಜಲ ಮಂಡಳಿಯ ವರದಿಗಳು.

ಚರಿತ್ರೆ, ಜಾನಪದ, ಸಾಹಿತ್ಯದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ‘ಪ್ರಬುದ್ಧ ಕರ್ಣಾಟಕ’, ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆ, ‘ಇತಿಹಾಸ ದರ್ಶನ’ ಇವುಗಳ ಹಳೆಯ ಲೇಖನಗಳಿಗಾಗಿ ಲೈಬ್ರರಿಯಲ್ಲಿ ಕೂತು ಪರಿವಿಡಿ ತಿರುವಿ ನೋಡುವುದೇ ಇಂದಿಗೂ ನಂಬಬಹುದಾದ ದಾರಿ. ಜುಂಜಪ್ಪನ ಬಗ್ಗೆ ಇಂಗ್ಲಿಷ್‌ನಲ್ಲಷ್ಟೇ ಹುಡುಕಿ, “ಈ ವಿಷಯದಲ್ಲಿ ಅಧ್ಯಯನ ಕಡಿಮೆ” ಎಂದು ಬರೆಯುವುದು ಕನ್ನಡದಲ್ಲಿ ದುಡಿದ ವಿದ್ವಾಂಸರಿಗೆ ಮಾಡುವ ಅನ್ಯಾಯ.

ತಪ್ಪು ಕಲ್ಪನೆ 3: “ಸರಿಯಾದ ಕೀವರ್ಡ್ ಹೊಳೆದರೆ ಎಲ್ಲ ಸಿಕ್ಕಿತು.”

ಸತ್ಯ: ಕೀವರ್ಡ್‌ನ ಕೆಲಸ ಮೊದಲ ಒಂದೆರಡು ಒಳ್ಳೆಯ ಪೇಪರ್ ಹುಡುಕಿಕೊಡುವುದು. ಆಮೇಲೆ ಆ ಪೇಪರ್‌ಗಳೇ ದಾರಿ ತೋರಿಸುತ್ತವೆ. ಒಂದು ಪೇಪರ್‌ನ ಕೊನೆಯಲ್ಲಿರುವ ಉಲ್ಲೇಖಪಟ್ಟಿ ಹಿಡಿದು ಹೊರಟರೆ ಅದಕ್ಕಿಂತ ಹಳೆಯವು ಸಿಗುತ್ತವೆ. ಆ ಪೇಪರನ್ನು ಆಮೇಲೆ ಯಾರು ಉಲ್ಲೇಖಿಸಿದ್ದಾರೆಂದು ನೋಡಿದರೆ ಹೊಸವು ಸಿಗುತ್ತವೆ. ಈ ಎರಡನೆಯ ದಾರಿಯನ್ನು 1964ರಲ್ಲಿ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ ಮೂಲಕ ತೆರೆದವರು ಅಮೆರಿಕದ ಯೂಜೀನ್ ಗಾರ್‌ಫೀಲ್ಡ್. ಇಂದು ಸ್ಕಾಲರ್‌ನಲ್ಲಿ ಪ್ರತಿ ಪೇಪರ್‌ನ ಕೆಳಗಿರುವ ‘ಸೈಟೆಡ್ ಬೈ’ ಒತ್ತಿದರೆ ಸಾಕು, ಬಿಡಿಗಾಸೂ ಬೇಡ.

ಫ್ಲೋರೈಡನ್ನೇ ನೋಡಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ ಸುತ್ತ ಬೇರೆಬೇರೆ ವಿಭಾಗದವರು ಬರೆದಿದ್ದಾರೆ. ದಂತವೈದ್ಯರಿಗೆ ಅದು ‘ಡೆಂಟಲ್ ಫ್ಲೋರೋಸಿಸ್’, ಭೂವಿಜ್ಞಾನಿಗಳಿಗೆ ‘ಹೈಡ್ರೋಜಿಯೋಕೆಮಿಸ್ಟ್ರಿ’, ಎಂಜಿನಿಯರ್‌ಗಳಿಗೆ ‘ಡಿಫ್ಲೋರಿಡೇಷನ್’. ಒಂದೇ ಕೀವರ್ಡ್ ಹಿಡಿದವರಿಗೆ ಒಂದೇ ವಿಭಾಗ ಕಾಣುತ್ತದೆ. ಉಲ್ಲೇಖಗಳ ಜಾಡು ಹಿಡಿದವರಿಗೆ ಆ ಮೂವರೂ ಸಿಗುತ್ತಾರೆ.

ತಪ್ಪು ಕಲ್ಪನೆ 4: “ಒಳ್ಳೆಯ ಜರ್ನಲ್ ಓದಲು ದುಡ್ಡು ಬೇಕು.”

ಸತ್ಯ: ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆ ಸುಮಾರು 6,300 ಸರ್ಕಾರಿ ಶಿಕ್ಷಣ, ಸಂಶೋಧನಾ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ಇ-ಜರ್ನಲ್‌ಗಳನ್ನು ತಲುಪಿಸುವ ಗುರಿ ಹೊಂದಿದೆ. ನಿಮ್ಮ ಕಾಲೇಜು ಇದರಲ್ಲಿದೆಯೇ ಎಂದು ಲೈಬ್ರೇರಿಯನ್‌ರನ್ನು ಕೇಳಿ. ಇಲ್ಲದಿದ್ದರೆ, ಕಾನೂನುಬದ್ಧವಾಗಿ ಉಚಿತವಾಗಿರುವ ಪ್ರತಿಯನ್ನು ತೋರಿಸುವ ‘ಅನ್‌ಪೇವಾಲ್’ ಬಳಸಿ. ಅದೂ ಆಗದಿದ್ದರೆ ಲೇಖಕರಿಗೇ ವಿನಯದಿಂದ ಎರಡು ಸಾಲಿನ ಇಮೇಲ್ ಬರೆಯಿರಿ. ತಮ್ಮ ಕೆಲಸವನ್ನು ಓದುವವರಿದ್ದಾರೆಂದರೆ ಸಂತೋಷಪಟ್ಟು ಪಿಡಿಎಫ್ ಕಳಿಸುವವರು ಬಹಳ ಮಂದಿ ಇದ್ದಾರೆ.

ತಪ್ಪು ಕಲ್ಪನೆ 5: “ಅಚ್ಚಾಗಿದೆ, ನೂರಾರು ಜನ ಉಲ್ಲೇಖಿಸಿದ್ದಾರೆ, ಹಾಗಾದರೆ ನಿಜ.”

ಸತ್ಯ: ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ಆಂಡ್ರ್ಯೂ ವೇಕ್‌ಫೀಲ್ಡ್ ಪೇಪರ್ 1998ರಲ್ಲಿ ಪ್ರಕಟವಾದದ್ದು ‘ಲ್ಯಾನ್ಸೆಟ್’ನಂಥ ಹೆಸರಾಂತ ಜರ್ನಲ್‌ನಲ್ಲಿ. ಅದನ್ನು ಹಿಂಪಡೆಯಲು 2010 ಬರಬೇಕಾಯಿತು. ಪೇಪರನ್ನು ಖಂಡಿಸಲು ಉಲ್ಲೇಖಿಸಿದರೂ ಉಲ್ಲೇಖದ ಎಣಿಕೆ ಏರುತ್ತದೆ. ಯುಜಿಸಿ ತನ್ನ ‘ಕೇರ್’ ಜರ್ನಲ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟ ಮೇಲಂತೂ ಜರ್ನಲ್ ಯಾವ ಮಟ್ಟದ್ದೆಂದು ಅಳೆಯುವ ಹೊಣೆ ಸಂಶೋಧಕರ ಮೇಲೆಯೇ ಹೆಚ್ಚು ಬಿದ್ದಿದೆ. ‘ಜೊಟೆರೊ’ ಎಂಬ ಉಚಿತ ತಂತ್ರಾಂಶದಲ್ಲಿ ಪೇಪರ್‌ಗಳನ್ನು ಕೂಡಿಟ್ಟರೆ ಹಿಂಪಡೆದವುಗಳ ಬಗ್ಗೆ ಅದು ಎಚ್ಚರಿಸುತ್ತದೆ. ಎಐ ಚಾಟ್‌ಬಾಟ್ ಕೊಟ್ಟ ಉಲ್ಲೇಖವನ್ನು ಮೂಲದಲ್ಲಿ ಕಣ್ಣಾರೆ ನೋಡದೆ ಥೀಸಿಸ್‌ಗೆ ಸೇರಿಸಬೇಡಿ. ಇಲ್ಲದ ತೀರ್ಪುಗಳನ್ನು ಹಾಗೆ ಸೇರಿಸಿದ ನ್ಯೂಯಾರ್ಕ್‌ನ ವಕೀಲರಿಗೆ 2023ರಲ್ಲಿ ನ್ಯಾಯಾಲಯ 5,000 ಡಾಲರ್ ದಂಡ ವಿಧಿಸಿತು.

ತಪ್ಪು ಕಲ್ಪನೆ 6: “ಹೊಸತನ್ನು ತಿಳಿದಿರಬೇಕಾದರೆ ಬಂದದ್ದನ್ನೆಲ್ಲ ಓದಬೇಕು.”

ಸತ್ಯ: ಅದು ಯಾರಿಂದಲೂ ಆಗದು. ನಿಮ್ಮ ವಿಷಯದ ಎರಡು ಮೂರು ಪದಗುಚ್ಛಗಳಿಗೆ ಸ್ಕಾಲರ್ ಅಲರ್ಟ್ ಹಾಕಿ, ಮುಖ್ಯ ಲೇಖಕರ ಪ್ರೊಫೈಲ್ ಫಾಲೋ ಮಾಡಿ. ಹೊಸ ಪೇಪರ್‌ಗಳು ಇಮೇಲ್‌ಗೇ ಬರುತ್ತವೆ. ವಾರಕ್ಕೊಮ್ಮೆ ಕೂತು ಶೀರ್ಷಿಕೆ ನೋಡಿ, ಬೇಕೆನಿಸಿದ್ದರ ಸಾರಾಂಶ ಓದಿ. ಪೂರ್ತಿ ಓದಬೇಕಾದವು ಕೆಲವೇ ಉಳಿಯುತ್ತವೆ. ಯಾವ ಪದ ಹಾಕಿ, ಎಲ್ಲಿ, ಯಾವ ದಿನ ಹುಡುಕಿದಿರಿ ಎಂಬುದನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟರೆ ಅದೇ ಕೆಲಸ ಎರಡು ಸಲ ಮಾಡುವುದು ತಪ್ಪುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ಇಂದು ಹುಡುಕುವವರೇ ನಾಳೆ ಬರೆಯುವವರು. ಹುಲಿಕುಂಟೆ ಹೋಬಳಿಯ ಬೋರ್‌ವೆಲ್‌ಗಳ ಮೇಲೆ ನೀವೊಂದು ಪೇಪರ್ ಬರೆದರೆ ಸಾರಾಂಶದಲ್ಲಿ ಹಳ್ಳಿ, ಹೋಬಳಿ, ತಾಲ್ಲೂಕುಗಳ ಹೆಸರನ್ನು ಸ್ಪಷ್ಟವಾಗಿ ಹಾಕಿ. ಕೀವರ್ಡ್‌ಗಳಲ್ಲಿ ಹಳೆಯ ಕಾಗುಣಿತವನ್ನೂ ಹೊಸದನ್ನೂ ಕೊಡಿ. ಸಾಧ್ಯವಾದರೆ ಕನ್ನಡದಲ್ಲಿ ಅರ್ಧ ಪುಟ ಸಾರ ಬರೆದು, ಎಲ್ಲರಿಗೂ ಸಿಗುವ ಕಡೆ ಪ್ರತಿ ಇಡಿ. ಆಗ ನಿಮ್ಮ ನಂತರ ಬರುವ ಹುಡುಗಿಗೋ ಹುಡುಗನಿಗೋ “ನಮ್ಮೂರಿನ ಮೇಲೆ ಯಾರೂ ಕೆಲಸ ಮಾಡಿಲ್ಲ” ಎಂದು ಹೇಳುವ ಪ್ರಸಂಗ ಬರುವುದಿಲ್ಲ.